ಅತ್ತೆಯ ತವರಿನ ಗಿಡ

ನಮ್ಮ ಹಿತ್ತಲಿನಲ್ಲಿ ಈಗ ಸಿಮೆಂಟಿನ ನೀರಿನ ತೊಟ್ಟಿ ಇರುವ ಜಾಗದಲ್ಲಿ 1979ರವರೆಗೆ ಒಂದು ಗಿಡವಿತ್ತು. ಗಿಡವೆಂದು ಈಗ ಗೌರವದಿಂದ ಬರೆಯುತ್ತಿದ್ದೇನೆ. ಆಗ ನಾನು ಅದನ್ನು ಕಂಟಿ ಎಂದೇ ಕರೆಯುತ್ತಿದ್ದೆ. ಆಳೆತ್ತರಕ್ಕಿಂತ ತುಸು ಹೆಚ್ಚು. ವರ್ಷದ ಬಹುಪಾಲು ಎಲೆಯಿಲ್ಲದ ಬೋಳು ಕೊಂಬೆ, ಕೊಂಬೆಯ ತುದಿಯೇ ಮುಳ್ಳು. ಕಾಂಡದ ತೊಗಟೆ ಹಳೆಯ ಪಂಚಾಂಗದ ಹಾಳೆಯಂತೆ ತೆಳ್ಳಗೆ ಸುಲಿದು ಜೋತಾಡುತ್ತಿತ್ತು. ಒಣಹಾಕಿದ ಸೀರೆ ಗಾಳಿಗೆ ಹಾರಿ ಅದಕ್ಕೆ ಸಿಕ್ಕಿತೆಂದರೆ ಹರಿಯದೆ ಬಿಡಿಸಿಕೊಂಡು ಬರುತ್ತಿರಲಿಲ್ಲ. ತವರಿನವರು ಮದುವೆಯಲ್ಲಿ ಉಡಿಸಿದ ನನ್ನ ಇಳಕಲ್ಲ ಸೀರೆಯ ಸೆರಗಿಗೆ ಇಂದಿಗೂ ಆ ಕಂಟಿಯ ಗುರುತಿದೆ.

ರಾಣೆಬೆನ್ನೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದದ್ದು 1975ರಲ್ಲಿ. ಶಾಲೆಯಲ್ಲಿ ಕಲಿಸುತ್ತಿದ್ದೆ. ಬೆಳಿಗ್ಗೆ ಹೋದರೆ ಸಂಜೆಗೇ ಮನೆ. ಕೊಡ ಹೊತ್ತು ನೀರು ತರುವುದು ನನ್ನಿಂದ ಆಗದ ಕೆಲಸ. ಮನೆಗೆ ನಳ ಹಾಕಿಸಿದೆವು. ನಳವೇನೋ ಬಂತು, ನೀರು ಮಾತ್ರ ಒಂದು ದಿನ ಬಂದರೆ ಎರಡು ದಿನ ಇಲ್ಲ. ತೊಟ್ಟಿಯೊಂದನ್ನು ಕಟ್ಟಿಸಲೇಬೇಕೆಂದು ಹಟ ಹಿಡಿದವಳು ನಾನೇ. ಗವಂಡಿ ಬಂದು ಅಳತೆ ಮಾಡಿ, ‘ಈ ಕಂಟಿ ಅಡ್ಡ ಬರತೈತ್ರಿ ಅಕ್ಕಾರ’ ಎಂದ. ಅತ್ತೆ ಆಗ ಜಾತ್ರೆಗೆಂದು ತವರಿಗೆ ಹೋಗಿದ್ದರು. ನಮ್ಮ ಮನೆಯವರು, ‘ಅವ್ವ ಬರಲಿ, ಕೇಳೋಣ’ ಎಂದರು. ಒಂದು ಮುಳ್ಳುಕಂಟಿ ಕಡಿಯುವುದಕ್ಕೆ ಯಾರನ್ನು ಕೇಳುವುದು ಎಂದು ನಾನೇ ಹೂಂ ಅಂದೆ.

ಕೊಡಲಿ ಬಿದ್ದಂತೆಲ್ಲ ಹಳದಿ ಬಿಳುಪಿನ ಅಂಟು ಸುರಿಯಿತು. ಹಿತ್ತಲ ತುಂಬ ಒಂದು ಪರಿಮಳ ಹರಡಿತು. ಎಲ್ಲಿಯೋ ಗೊತ್ತಿದ್ದ ವಾಸನೆ ಅನ್ನಿಸಿದರೂ ನಿಂತು ಯೋಚಿಸಲಿಲ್ಲ. ಕಡಿದ ಕಟ್ಟಿಗೆಯನ್ನು ಆಳುಗಳು ತಮ್ಮ ಒಲೆಗೆ ಒಯ್ದರು.

ಎಂಟು ದಿನಕ್ಕೆ ಅತ್ತೆ ಬಂದರು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ತಂಬಿಗೆ ಹಿಡಿದುಕೊಂಡೇ ನಿಂತರು.

‘ಎಲ್ಲಾ ಕಡಿಸಿಬಿಟ್ಟೇನವಾ?’

‘ಹೌದ್ರೀ ಅತ್ತಿ. ತೊಟ್ಟಿಗೆ ಜಾಗ ಸಾಲಲಿಲ್ರೀ.’

‘ಒಂದು ಟೊಂಗಿ ಇಟ್ಟಿದ್ರ ಹಚ್ಚತಿದ್ದೆ’ ಎಂದರು. ಅಷ್ಟೇ. ಕಾಲು ತೊಳೆದುಕೊಂಡು ಒಳಗೆ ಬಂದು ಜಾತ್ರೆಯ ಬೆಂಡು ಬತ್ತಾಸಿನ ಗಂಟು ಬಿಚ್ಚಿದರು. ಆ ಮೇಲೆ ಅವರು ಬದುಕಿದ್ದ ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಆ ಗಿಡದ ಮಾತನ್ನು ಎತ್ತಿ ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ನಾನೂ ನಾಲ್ಕು ಮಾತು ಆಡಿ ಮರೆಯುತ್ತಿದ್ದೆನೋ ಏನೋ.

ಆ ಗಿಡ ಅತ್ತೆಯ ಹಿಂದೆ ಬಂದದ್ದು. ಅವರ ತವರು ಬಳ್ಳಾರಿ ಸೀಮೆಯ ಒಂದು ಹಳ್ಳಿ, ಊರ ಹಿಂದೆಯೇ ಬೋಳು ಕಲ್ಲುಗುಡ್ಡ. 1930ರ ದಶಕದಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಅವರ ಮದುವೆ. ಆಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿದ್ದು ಮುಂಬಯಿ ಪ್ರಾಂತದಲ್ಲಿತ್ತು. ಎರಡೂ ಕಡೆ ಕನ್ನಡವೇ ಆದರೂ ಕಚೇರಿ, ಕಾಯಿದೆ, ಅಳತೆ ಬೇರೆ ಬೇರೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ, ನಮ್ಮ ಭಾಗ 1956ರಲ್ಲಿ. ಅಂದರೆ ಹದಿನಾಲ್ಕರ ಹುಡುಗಿ ರೈಲು ಹತ್ತಿ ಗದಗು, ಹುಬ್ಬಳ್ಳಿಯ ಮೇಲೆ ಹಾದು ಒಂದು ಪ್ರಾಂತದಿಂದ ಇನ್ನೊಂದು ಪ್ರಾಂತಕ್ಕೆ ಸಂಸಾರ ಮಾಡಲು ಬಂದಿದ್ದಳು. ಉಡಿಯಲ್ಲಿ ಅಕ್ಕಿ, ಕೈಯಲ್ಲಿ ಹಸಿ ಬಟ್ಟೆ ಸುತ್ತಿದ ಹೆಬ್ಬೆರಳು ಗಾತ್ರದ ಎರಡು ಟೊಂಗೆ. ‘ನಿನ್ನ ಗಂಡನ ಮನಿ ದೇವರೂ ವೀರಭದ್ರನ, ಗುಗ್ಗಳಕ್ಕ ಕಂಡವರ ಅಂಗಡಿಗೆ ಹೋಗಬ್ಯಾಡ’ ಎಂದು ಅವರಪ್ಪ ಕಟ್ಟಿಕೊಟ್ಟಿದ್ದನಂತೆ. ಇದನ್ನು ನನಗೆ ಹೇಳಿದವರು ಅತ್ತೆಯಲ್ಲ, ಅತ್ತೆಯ ತಮ್ಮ. ಅದೂ ಗಿಡ ಕಡಿದು ಎಷ್ಟೋ ವರ್ಷಗಳಾದ ಮೇಲೆ.

ಗುಗ್ಗಳವೆಂದರೆ ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ವೀರಭದ್ರ ಮನೆದೇವರಾದ ಮನೆಗಳಲ್ಲಿ ಮದುವೆಯ ಹೊತ್ತಿಗೆ ಗುಗ್ಗಳ ತೆಗೆಯದೆ ಅಕ್ಷತೆ ಬೀಳುವುದಿಲ್ಲ. ಮಣ್ಣಿನ ಕೊಡದಲ್ಲಿ ಕೆಂಡ ತುಂಬಿ, ಎಣ್ಣೆ ಸುರಿದು, ಗುಗ್ಗಳದ ಪುಡಿ ಉಗ್ಗುತ್ತಾರೆ. ಉರಿ ಏಳುತ್ತದೆ, ಹೊಗೆ ಏಳುತ್ತದೆ. ಮುಂದೆ ಸಮಾಳದ ಸದ್ದು. ಎದೆಗೆ ವೀರಭದ್ರನ ಮುಖ ಕಟ್ಟಿ, ಕತ್ತಿ ಹಿಡಿದ ಪುರವಂತರು ಹೆಜ್ಜೆ ಹಾಕುತ್ತ ಒಡಪು ಹೇಳುತ್ತಾರೆ. ಒಡಪಿನಲ್ಲಿ ದಕ್ಷನ ಯಜ್ಞದ ಕತೆ ಬರುತ್ತದೆ: ಕರೆಯದ ತವರಿಗೆ ಹೋದ ದಾಕ್ಷಾಯಿಣಿ, ಆಕೆಯ ಅವಮಾನ, ಯಜ್ಞಕುಂಡ, ಶಿವನ ಸಿಟ್ಟಿನಿಂದ ಹುಟ್ಟಿದ ವೀರಭದ್ರ. ಹದಿಮೂರನೆಯ ಶತಮಾನದಲ್ಲಿ ರಾಘವಾಂಕ ಇದೇ ಕತೆಯನ್ನು ‘ವೀರೇಶ ಚರಿತೆ’ ಎಂದು ಕಾವ್ಯ ಮಾಡಿದ. ಸವಣೂರು ತಾಲೂಕಿನ ಕಾರಡಗಿಯ ವೀರಭದ್ರನಿಗೆ ನಮ್ಮ ಜಿಲ್ಲೆಯವರು ಇಂದಿಗೂ ನಡೆದುಕೊಳ್ಳುತ್ತಾರೆ. ತವರಿನಲ್ಲಿ ಮಾನ ಹೋದ ಹೆಣ್ಣಿನ ಕತೆಯನ್ನು ಮದುವೆಯ ದಿನವೇ ಏಕೆ ಹೇಳುತ್ತಾರೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಹೆಣ್ಣು ಕೊಡುವವರೂ ತರುವವರೂ ಆ ಬೆಂಕಿಯ ಮುಂದೆ ನಿಂತು ಒಮ್ಮೆ ಕೇಳಿಸಿಕೊಳ್ಳಲಿ ಎಂದಿರಬಹುದು.

ಆದರೆ ಗುಗ್ಗಳವೆಂಬುದು ಮೊದಲು ಒಂದು ಗಿಡದ ಅಂಟು, ಆ ಮೇಲೆ ಸೇವೆಯ ಹೆಸರು. ಪುಸ್ತಕದಲ್ಲಿ ಗುಗ್ಗುಳ, ಸಂಸ್ಕೃತದಲ್ಲಿ ಗುಗ್ಗುಲು. ಅಥರ್ವವೇದದಲ್ಲಿ ಇದರ ಮೇಲೆ ಒಂದು ಸೂಕ್ತವೇ ಇದೆ. ಇದರ ಪರಿಮಳ ತಾಕಿದವರ ಹತ್ತಿರ ಕಾಯಿಲೆ ಸುಳಿಯದೆಂದು ಅದರ ತಾತ್ಪರ್ಯ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ಕೈಪಿಡಿಯಲ್ಲಿ ಸಿಂಧೂ ನದಿಯ ಮುಖದಿಂದಲೂ ಗುಜರಾತದ ಭರೂಚ್ ಬಂದರಿನಿಂದಲೂ ಹಡಗು ಹತ್ತುತ್ತಿದ್ದ ಸರಕುಗಳ ಪಟ್ಟಿಯಿದೆ. ದಂತ, ಜಟಾಮಾಂಸಿಯ ಜೊತೆ ಇಂಥದೇ ಒಂದು ಅಂಟಿನ ಹೆಸರೂ ಇದೆ. ಬಾಣಂತಿಯ ಕೋಣೆಗೆ ಹೊಗೆ ಹಾಕುವಾಗ ನಾವು ಉಗ್ಗುವ ಒಂದು ಚಿಟಿಕೆ ಪುಡಿ ರೋಮಿನ ಮನೆಗಳಿಗೂ ಹೋಗುತ್ತಿತ್ತು ಎಂದು ಓದಿದಾಗ ನನಗೆ ಹೆಮ್ಮೆಯಾಗಲಿಲ್ಲ, ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು.

ಕಂಟಿ ಎನ್ನುವ ಮಾತಿನ ಬಗ್ಗೆಯೂ ಹೇಳಬೇಕು. ನನ್ನ ತಪ್ಪು ಆ ಒಂದು ಮಾತಿನಲ್ಲಿತ್ತು, ನಮ್ಮ ಸೀಮೆಯ ತಪ್ಪೂ ಬಹುಮಟ್ಟಿಗೆ ಅಲ್ಲಿಯೇ ಇತ್ತು. ರಾಣೆಬೆನ್ನೂರಿನ ಸುತ್ತ ಇದ್ದದ್ದು ಮಲೆನಾಡಿನ ಕಾಡಲ್ಲ, ಕುರುಚಲು. ಕವಳಿ, ಬಾರಿ, ತಂಗಡಿ, ಬಂದರಿಕೆ. ಅಲ್ಲಿ ಚಿಗರಿ ಮೇಯುತ್ತಿದ್ದವು, ಕುರಿ ಮೇಯುತ್ತಿದ್ದವು, ಬೇಸಿಗೆಯಲ್ಲಿ ನಾವು ಹುಡುಗಿಯರು ಕವಳಿಹಣ್ಣು ಕಿತ್ತು ಬಾಯಿ ಕಪ್ಪು ಮಾಡಿಕೊಳ್ಳುತ್ತಿದ್ದೆವು. 1974ರಲ್ಲಿ ಸರಕಾರ 119 ಚದರ ಕಿಲೋಮೀಟರನ್ನು ಕೃಷ್ಣಮೃಗಗಳ ಅಭಯಾರಣ್ಯವೆಂದು ಸಾರಿತು. ಆದರೆ ಕುರುಚಲನ್ನು ಪಾಳು ಎಂದು ಬಗೆದ ಕಣ್ಣು ಬದಲಾಗಲಿಲ್ಲ. ಸಾಲು ಸಾಲು ನೀಲಗಿರಿ ಎದ್ದಿತು. ನೀಲಗಿರಿಯ ಕೆಳಗೆ ಕವಳಿ ಬೆಳೆಯುವುದಿಲ್ಲ.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯಾಯಿತು, ಸರಕಾರವೂ ಖಾಸಗಿ ಕಾರ್ಖಾನೆಯೂ ಕೂಡಿ. ಧಾರವಾಡ ಮತ್ತು ಸುತ್ತಲಿನ ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಗೋಮಾಳ, ಹುಲ್ಲುಗಾವಲುಗಳನ್ನು ನೀಲಗಿರಿಗೆ ಕೊಡುವ ಯೋಜನೆ ಅದು. ಹಳ್ಳಿಯವರ ದನ, ಉರುವಲು, ಪೊರಕೆಕಡ್ಡಿ ಎಲ್ಲ ಆ ನೆಲದ ಮೇಲಿದ್ದವು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ನಿಂತಿದ್ದರು. ಸುಪ್ರೀಂ ಕೋರ್ಟಿನ ಅರ್ಜಿಗೆ ಶಿವರಾಮ ಕಾರಂತರೂ ಸಹಿ ಹಾಕಿದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಅಂದಿನ ಸತ್ಯಾಗ್ರಹದ ಹೆಸರು ‘ಕಿತ್ತಿಕೊ ಹಚ್ಚಿಕೊ’.

ಪತ್ರಿಕೆಯಲ್ಲಿ ಆ ಹೆಸರು ಓದಿದ ದಿನ ನಾನು ಅತ್ತೆಯ ಮುಖ ನೋಡಲಾರದೆ ಅಡುಗೆಮನೆಗೆ ಹೋದೆ. ಒಂದು ಟೊಂಗಿ ಇಟ್ಟಿದ್ರ ಹಚ್ಚತಿದ್ದೆ ಅಂದಿದ್ದರಲ್ಲ! ನಾನು ಕಿತ್ತಿದ್ದೆ, ಹಚ್ಚಲು ಏನನ್ನೂ ಉಳಿಸಿರಲಿಲ್ಲ.

ಆದರೂ ಗಿಡದ ಬೆಲೆ ಪೂರ್ತಿ ತಿಳಿದದ್ದು 2001ರಲ್ಲಿ, ಮಗನ ಮದುವೆಯಲ್ಲಿ. ಅಲ್ಲಿಯವರೆಗೆ ಅತ್ತೆಯ ಹಳೆಯ ಹಿತ್ತಾಳೆ ಡಬ್ಬಿಯ ದಾಸ್ತಾನು ಸಾಗಿತ್ತು. ಪ್ರತಿ ಚಳಿಗಾಲ ಅವರು ಗಿಡದ ಒಂದೇ ಕಡೆ ಕುಡುಗೋಲಿನ ತುದಿಯಿಂದ ಒಂದು ಗೀರು ಎಳೆದು, ಹದಿನೈದು ದಿನ ಬಿಟ್ಟು, ಒಸರಿ ಗಟ್ಟಿಯಾದ ಹನಿಗಳನ್ನು ಬಿಡಿಸಿ ತುಂಬಿಟ್ಟದ್ದು ಅದು. ಗಿಡವಿದ್ದಾಗ ನಾನು ಅದನ್ನು ನೋಡಿಯೂ ಇದ್ದೆ. ಜಾಲಿಯ ಗೋಂದಿನಂತೆ ಇದೂ ಒಂದು ಗೋಂದು ಎಂದುಕೊಂಡಿದ್ದೆ. ಮದುವೆಯ ಹೊತ್ತಿಗೆ ಡಬ್ಬಿ ಖಾಲಿ. ಪೇಟೆಯಿಂದ ಅರ್ಧ ಕಿಲೋ ‘ಅಸಲಿ ಗುಗ್ಗಳ’ ತರಿಸಿದೆ.

ಅತ್ತೆಗೆ ಆಗ ಎಂಬತ್ತರ ಹತ್ತಿರ. ಕಣ್ಣು ಮಂಜಾಗಿತ್ತು. ಪುಡಿಕೆ ಬಿಚ್ಚಿ ಒಂದು ಹರಳು ಮೂಸಿದರು. ‘ಒಂದು ವಾಟಗದಾಗ ಬಿಸಿನೀರು ತಾ’ ಎಂದರು. ಹರಳನ್ನು ಅದರಲ್ಲಿ ಹಾಕಿ ಬೆರಳಿನಿಂದ ತಿಕ್ಕಿದರು. ಒಳ್ಳೆಯ ಗುಗ್ಗುಳ ಬಿಸಿನೀರಿನಲ್ಲಿ ಹಾಲಿನಂತೆ ಬೆಳ್ಳಗೆ ಕದಡುತ್ತದೆ; ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಇದು ಹಾಗೆಯೇ ಕೂತಿತ್ತು. ಅಡಿಯಲ್ಲಿ ಮಣ್ಣು, ಎರಡು ಹರಳುಕಲ್ಲು.

‘ಹಾಲಾಗಲಿಲ್ಲ ನೋಡವಾ. ಇದು ರಾಳ’ ಎಂದರು. ಆ ಮೇಲೆ ನನ್ನ ಮುಖದಲ್ಲಿ ಏನು ಕಂಡರೋ, ‘ಇರಲಿ ಬಿಡು, ವೀರಭದ್ರಗ ಹೊಗಿ ಬೇಕು, ಬಂತಲ್ಲ’ ಎಂದು ವಾಟಗವನ್ನು ಬದಿಗೆ ಸರಿಸಿದರು. ಅಂದು ಗುಗ್ಗಳ ಸಾಂಗವಾಗಿ ನಡೆಯಿತು. ಹೊಗೆಯೂ ಬಂತು. ವಾಸನೆ ಬರಲಿಲ್ಲ. 1979ರಲ್ಲಿ ಹಿತ್ತಲ ತುಂಬ ಹರಡಿದ್ದ ಆ ವಾಸನೆ ಯಾವುದೆಂದು ನನಗೆ ತಿಳಿದದ್ದು ಅದು ಇಲ್ಲದ ದಿನ.

ಅತ್ತೆ 2004ರಲ್ಲಿ ತೀರಿಕೊಂಡರು. ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಆ ಗಿಡದ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ಓದಿದಂತೆಲ್ಲ ಅದು ಅತ್ತೆಯ ತವರಿಗೇ ಕರೆದೊಯ್ದಿತು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಾಮಿಫೋರ ವೈಟಿಯೈ. ವೈಟ್ ಎಂದರೆ ರಾಬರ್ಟ್ ವೈಟ್, ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1834ರಲ್ಲಿ ರಜೆ ಮುಗಿಸಿ ಬಂದಾಗ ಅವನನ್ನು ಹಾಕಿದ್ದು ಬಳ್ಳಾರಿಯ ಪಡೆಗೆ. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಗಿಡ ಹುಡುಕುವುದು ಅವನ ಹುಚ್ಚು. ರಂಗಯ್ಯ, ಗೋವಿಂದು ಎಂಬ ನಮ್ಮ ಕಡೆಯ ಚಿತ್ರಗಾರರಿಂದ ಸಾವಿರಾರು ಸಸ್ಯಗಳ ಚಿತ್ರ ಬರೆಸಿದ. 1839ರಲ್ಲಿ ಅವನ ಗೆಳೆಯ ಜಾರ್ಜ್ ಆರ್ನಾಟ್ ಈ ಗಿಡಕ್ಕೆ ವೈಟನ ಹೆಸರಿಟ್ಟ. ಗುಗ್ಗುಳದ ದೊಡ್ಡ ನೆಲೆ ಸಿಂಧ್, ರಾಜಸ್ತಾನ, ಗುಜರಾತದ ಕಛ್. ಅದನ್ನು ಬಿಟ್ಟರೆ ದಕ್ಷಿಣದಲ್ಲಿ ಬಳ್ಳಾರಿ ಮತ್ತು ಮೈಸೂರು ಸೀಮೆಯ ಒಣಭಾಗವೆಂದು ಹಳೆಯ ಅರಣ್ಯಗ್ರಂಥಗಳಲ್ಲಿದೆ. ಅತ್ತೆಯ ಅಪ್ಪ ಗುಡ್ಡದಿಂದ ಮುರಿದುಕೊಟ್ಟ ಟೊಂಗೆ ಆ ಬಳಗದ್ದು.

ಇನ್ನೊಂದು ಹೆಸರನ್ನು ಓದಿ ಸಂತೋಷವಾಯಿತು. ಡಾಕ್ಟರ್ ಜಿ.ವಿ. ಸತ್ಯವತಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರು ಸುಶ್ರುತಸಂಹಿತೆಯ ಮೇದೋರೋಗದ ವಿವರಣೆಯನ್ನು ಹಿಡಿದು, ಗುಗ್ಗುಳ ರಕ್ತದ ಕೊಬ್ಬನ್ನು ಇಳಿಸುವುದೇ ಎಂದು ಮೊಲಗಳ ಮೇಲೆ ಪರೀಕ್ಷಿಸಿ 1966ರಲ್ಲಿ ಪ್ರಬಂಧ ಒಪ್ಪಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕರಾದವರು ಅವರೇ. ಅವರ ಶೋಧನೆಯ ದಾರಿ ಹಿಡಿದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಲಿಪಿಡ್ ಎಂಬ ಔಷಧ ತಯಾರಿಸಿತು. 1980ರ ದಶಕದ ಕೊನೆಗೆ ಅದು ಅಂಗಡಿಗೆ ಬಂತು. ಹೊರದೇಶಗಳಲ್ಲೂ ಗುಗ್ಗುಳದ ಗುಳಿಗೆ ಮಾರಾಟವಾದವು. 2003ರಲ್ಲಿ ಅಮೆರಿಕದಲ್ಲಿ 103 ಮಂದಿಗೆ ಎಂಟು ವಾರ ಕೊಟ್ಟು ನೋಡಿದಾಗ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ತುಸು ಏರಿತು. ಕೆಲವರಿಗೆ ಮೈಮೇಲೆ ಗಂದೆಯೂ ಎದ್ದಿತು. ವೈದ್ಯದ ವಾದ ವೈದ್ಯರಿಗಿರಲಿ. ಗಿಡಕ್ಕೆ ಮಾತ್ರ ಬೇಡಿಕೆ ಒಮ್ಮೆ ಏರಿದ್ದು ಇಳಿಯಲಿಲ್ಲ. ಯಾರನ್ನು ದೂರಲಿ? ನನ್ನ ಮಂಡಿನೋವಿಗೆಂದು ಕಪಾಟಿನಲ್ಲಿ ಇಟ್ಟುಕೊಂಡ ಯೋಗರಾಜ ಗುಗ್ಗುಳುವಿನ ಸೀಸೆಯೂ ಆ ಲೆಕ್ಕದಲ್ಲಿದೆ.

ಗಿಡದ ಸ್ವಭಾವವೇ ನಿಧಾನ. ಅಂಟು ತೆಗೆಯಲು ಎಂಟು ಹತ್ತು ವರ್ಷ ಕಾಯಬೇಕು. ಚಳಿಗಾಲದಲ್ಲಿ ತೊಗಟೆಗೆ ಹಗುರವಾಗಿ ಗೀರಿದರೆ ಒಂದು ಗಿಡ ಹಂಗಾಮಿಗೆ ಅರ್ಧ ಕಿಲೋದ ಆಸುಪಾಸು ಅಂಟು ಕೊಟ್ಟೀತು, ಮತ್ತೆ ಚಿಗುರೀತು. ಆಳವಾಗಿ ಕಡಿದು, ಗಾಯಕ್ಕೆ ಔಷಧ ಸವರಿದರೆ ಹಲವು ಪಟ್ಟು ಸುರಿಸುತ್ತದೆ. ಬಾಳೆಯನ್ನು ಬೇಗ ಹಣ್ಣು ಮಾಡಲು ಬಳಸುವ ಎಥೆಫಾನನ್ನೇ ಇದಕ್ಕೂ ಬಳಸಿದ್ದುಂಟು. ಹಾಗೆ ಸುರಿಸಿದ ಗಿಡ ಒಣಗಿಹೋಗುತ್ತದೆ. ಅದು ಕೊಡುವ ಕೊನೆಯ ಅಂಟನ್ನೇ ನಾವು ಭರ್ಜರಿ ಫಸಲು ಎನ್ನುತ್ತೇವೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ 2015ರಲ್ಲಿ ತನ್ನ ಕೆಂಪು ಪಟ್ಟಿಯಲ್ಲಿ ಗುಗ್ಗುಳವನ್ನು ತೀರ ಅಪಾಯದ ಅಂಚಿನಲ್ಲಿರುವ ಸಸ್ಯಗಳ ಸಾಲಿಗೆ ಸೇರಿಸಿತು. ಆ ಸಾಲಿನ ಮುಂದಿನ ಮನೆ, ಕಾಡಿನಿಂದ ಪೂರ್ತಿ ಅಳಿಯುವುದು.

ಮಗ ಆಗ ಕಛ್‌ನ ಬಂದರೊಂದರಲ್ಲಿ ಕೆಲಸದಲ್ಲಿದ್ದ. 2016ರ ಜನವರಿಯಲ್ಲಿ ಅವನ ಮನೆಗೆ ಹೋದಾಗ, ‘ನಿಮ್ಮೂರಲ್ಲಿ ಏನು ನೋಡಬೇಕು?’ ಎಂದು ಸೊಸೆ ಕೇಳಲಿಲ್ಲ, ನಾನೇ ಹೇಳಿದೆ: ಒಂದು ಕಂಟಿ ನೋಡಬೇಕು. ಬಂಡೆಗಲ್ಲಿನ ಇಳಿಜಾರಿನಲ್ಲಿ ಅದು ನಿಂತಿತ್ತು. ಮೂವತ್ತೇಳು ವರ್ಷಗಳ ಮೇಲೆ ಅದೇ ಸುಲಿದ ತೊಗಟೆ, ಅದೇ ಮುಳ್ಳು. ಬೋಳು ಕೊಂಬೆಗೆ ಅಂಟಿಕೊಂಡಂತೆ ಎರಡು ಮೂರು ಪುಟ್ಟ ಹೂವು, ಸಾಸಿವೆಗಿಂತ ತುಸು ದೊಡ್ಡವು, ಕಂದು ಬೆರೆತ ಕೆಂಪು. ಹೂ ಎಂದು ಯಾರೂ ಮುಡಿಯುವುದಿಲ್ಲ. ಬಾಗಿ ನೋಡಿದವರಿಗೆ ಮಾತ್ರ ಕಾಣುತ್ತದೆ. ನಮ್ಮ ಹಿತ್ತಲ ಗಿಡಕ್ಕೂ ಹೂ ಬಿಡುತ್ತಿದ್ದಿರಬೇಕು. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಬಾಗಿರಲಿಲ್ಲ.

ತುಸು ಮೇಲೆ ಹತ್ತಿದರೆ ಏಳೆಂಟು ಗಿಡ ಕರಿಕಾಗಿ ಒಣಗಿ ನಿಂತಿದ್ದವು. ಕಾಂಡದ ಸುತ್ತ ಕೈಬೆರಳು ಹೋಗುವಷ್ಟು ಆಳದ ಕಡಿತ. ಜೊತೆಗೆ ಬಂದ ಮುದುಕ ಕುರಿ ಕಾಯುವವನು. ಅವನು ಹಿಂದಿಯಲ್ಲಿ ಹೇಳಿದ್ದನ್ನು ಮಗ ನನಗೆ ಹೇಳಿದ: ತನ್ನ ಅಪ್ಪ ಉಗುರಿನಷ್ಟು ಕೆರೆಯುತ್ತಿದ್ದ, ಮುಂದಿನ ವರ್ಷವೂ ಅದೇ ಗಿಡಕ್ಕೆ ಬರಬೇಕಿತ್ತು, ಈಗಿನವರಿಗೆ ಮುಂದಿನ ವರ್ಷ ಬೇರೆ ಗುಡ್ಡ. ನನಗೆ ಅತ್ತೆಯ ಕುಡುಗೋಲಿನ ಗೀರು ನೆನಪಾಯಿತು. ಅವರಿಗೆ ಬೇರೆ ಗುಡ್ಡ ಇರಲಿಲ್ಲ, ಒಂದೇ ಗಿಡ.

ಗುಡ್ಡದ ಗಿಡವನ್ನು ನಾನು ಮುಟ್ಟಲಿಲ್ಲ. ಮರಳುವಾಗ ಔಷಧಿ ಸಸ್ಯಗಳ ಒಂದು ನರ್ಸರಿಯಲ್ಲಿ ಮೂರು ಟೊಂಗೆಗಳನ್ನು ಕೊಂಡು ಹಸಿ ಬಟ್ಟೆಯಲ್ಲಿ ಸುತ್ತಿ ತಂದೆ. ರೈಲಿನಲ್ಲಿ ಎದುರಿನ ಹೆಣ್ಣುಮಗಳು, ‘ಇದೇನ್ರೀ, ಕಟ್ಟಿಗಿ ಒಯ್ಯಾಕತ್ತೀರಿ?’ ಎಂದು ನಕ್ಕಳು. ಒಂದು ಟೊಂಗೆ ಬರುವಷ್ಟರಲ್ಲೇ ಒಣಗಿತ್ತು. ಇನ್ನೊಂದಕ್ಕೆ ನಾನೇ ಪ್ರೀತಿ ಹೆಚ್ಚಾಗಿ ನೀರು ಹಾಕಿ ಬೇರು ಕೊಳೆಸಿದೆ. ಮಳೆ ಕಡಿಮೆಯ ಗುಡ್ಡದ ಗಿಡಕ್ಕೆ ನಮ್ಮ ಉಪಚಾರವೇ ವಿಷ. ಮೂರನೆಯದು ತೊಟ್ಟಿಯ ಪಕ್ಕದ ಮೊರಮಿನಲ್ಲಿ ಬದುಕಿತು. ಆರು ತಿಂಗಳು ಸತ್ತಂತೆ ಇದ್ದು, ಮುಂಗಾರಿನ ಎರಡನೆಯ ಮಳೆಗೆ ಮೂರು ಮೂರು ಎಲೆಯ ಗೊಂಚಲು ಬಿಟ್ಟಿತು.

ಇತ್ತೀಚೆಗೆ ಅದಕ್ಕೆ ಕಾಯಿಯೂ ಆಗುತ್ತದೆ, ಹಣ್ಣಾದಾಗ ಕೆಂಪಗೆ. ಸುತ್ತ ಹತ್ತೂರಿನಲ್ಲಿ ಜೊತೆಯ ಗಿಡವಿಲ್ಲ, ಕಾಯಿ ಹೇಗೆ ಎಂದು ನನಗೆ ಆಶ್ಚರ್ಯ. ಇದಕ್ಕೂ ಉತ್ತರ ಪುಸ್ತಕದಲ್ಲಿತ್ತು. ದೆಹಲಿ ವಿಶ್ವವಿದ್ಯಾಲಯದ ಗುಪ್ತ, ಶಿವಣ್ಣ ಮತ್ತು ಮೋಹನರಾಮ್ ಎಂಬ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗುಗ್ಗುಳದ ಗಿಡಗಳಲ್ಲಿ ಹೆಚ್ಚಿನವು ಹೆಣ್ಣೇ, ಗಂಡು ಬೆರಳೆಣಿಕೆಯಷ್ಟು. ಪರಾಗ ಬೀಳದೆಯೇ ಹೆಣ್ಣುಗಿಡ ಬೀಜ ಕಟ್ಟಬಲ್ಲುದು. ಇದನ್ನು ಓದಿ ನಾನು ಒಬ್ಬಳೇ ನಕ್ಕೆ. ಅಪ್ಪನ ಮನೆಯ ಗುಡ್ಡದಿಂದ ಮುರಿದು, ಇನ್ನೊಂದು ಪ್ರಾಂತದ ಹಿತ್ತಲಿನಲ್ಲಿ ನೆಟ್ಟರೂ, ಜೊತೆಯಿಲ್ಲದೆ, ಯಾರೂ ಹೂವನ್ನು ನೋಡದೆ ಕಾಯಿ ಕಟ್ಟಿದ ಗಿಡ. ಅತ್ತೆಗೆ ಈ ಸುದ್ದಿ ಹೇಳಬೇಕಾಗಿತ್ತು.

ಈಗ ಮೊಮ್ಮಗಳ ಮದುವೆ ಗೊತ್ತಾಗಿದೆ. ಬ್ಯಾಡಗಿಗೆ ಕೊಡುತ್ತಿದ್ದೇವೆ, ಮೆಣಸಿನಕಾಯಿ ವ್ಯಾಪಾರದ ಮನೆ, ಅವರದೂ ವೀರಭದ್ರನ ಒಕ್ಕಲು. ಹಾಗಾಗಿ ನಮ್ಮ ಮನೆಯಲ್ಲಿ ಮತ್ತೆ ಗುಗ್ಗಳ. ಗಿಡಕ್ಕೂ ಒಂಬತ್ತು ವರ್ಷ ತುಂಬಿದೆ. ಸೊಸೆ ಮೊನ್ನೆ, ‘ಈ ಸಲ ನಮ್ಮ ಗಿಡದ್ದ ಗುಗ್ಗಳ ಹಾಕೂಣಲ್ಲರೀ ಅತ್ತಿ?’ ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ನನಗೂ ಆ ವಾಸನೆ ಒಮ್ಮೆ ಬೇಕು. ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಕುಡುಗೋಲು ಹಿಡಿದು ಹೋಗಿ, ಕಾಂಡದ ಒಂದು ಕಡೆ, ಅತ್ತೆ ಎಳೆಯುತ್ತಿದ್ದಷ್ಟೇ ಉದ್ದದ ಗೀರು ಎಳೆದೆ. ಕೈ ನಡುಗಿತು. ಹದಿನೈದು ದಿನಕ್ಕೆ ಕಡಲೆಬೇಳೆಯಷ್ಟು ನಾಲ್ಕು ಹನಿ ಸಿಕ್ಕವು. ಒಂದನ್ನು ವಾಟಗದ ಬಿಸಿನೀರಿಗೆ ಹಾಕಿದೆ. ನೀರು ಹಾಲಾಯಿತು.

ಉಳಿದ ಮೂರು ಹನಿ ಗುಗ್ಗಳದ ಕೊಡಕ್ಕೆ. ಮಿಕ್ಕದ್ದಕ್ಕೆ ಪೇಟೆಯ ರಾಳ ತರಿಸಿದ್ದೇವೆ, ರಾಳವೆಂದು ಕೇಳಿಯೇ. ಪುರವಂತರಿಗೂ ಹೇಳಿದ್ದೇನೆ, ಅವರು, ‘ದೇವರಿಗೆ ಗೊತ್ತಾಗತೈತ್ರೀ’ ಎಂದರು. ಮದುವೆ ಮುಗಿದು ಮುಂಗಾರು ಹತ್ತಿರವಾದಾಗ ಮೊಮ್ಮಗಳು ಮೊದಲ ಸಲ ತವರಿಗೆ ಬರುತ್ತಾಳೆ. ಹೋಗುವಾಗ ಅವಳ ಕೈಗೆ ಕೊಡಲೆಂದು ಎರಡು ಟೊಂಗೆ ಗುರುತು ಮಾಡಿಟ್ಟಿದ್ದೇನೆ. ಒಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ, ಇನ್ನೊಂದಕ್ಕೆ ಹಸಿರು. ಅವಳ ಅತ್ತೆಗೆ ಮೊದಲೇ ಫೋನು ಮಾಡಿ ಹೇಳಿದೆ: ‘ನೋಡಾಕ ಕಂಟಿ ಹಂಗ ಇರತೈತ್ರೀ ಬೀಗತೇರ. ಕಡಿಸಬ್ಯಾಡ್ರಿ.’